ತಾನೇ ಓಡುವ ಸೀಟ್ ಬೆಲ್ಟು ಅರ್ಧ ದಾರಿಯಲ್ಲಿ ನಿಂತಾಗ



ಸಂಘದ ಕಾರ್ಯದರ್ಶಿಗೆ ಬರುವ ಫೋನುಗಳು ಸಾಮಾನ್ಯವಾಗಿ ಒಂದೇ ತೆರನಾಗಿರುತ್ತವೆ. ಶಾಲೆಗೆ ಕನ್ನಡ ಪಠ್ಯಪುಸ್ತಕ ಇನ್ನೂ ಬಂದಿಲ್ಲ, ಗಡಿನಾಡ ಕನ್ನಡಿಗ ಪ್ರಮಾಣಪತ್ರಕ್ಕೆ ಯಾರನ್ನು ಕಾಣಬೇಕು, ರಾಜ್ಯೋತ್ಸವದ ಮೆರವಣಿಗೆಗೆ ಪೊಲೀಸ್ ಅನುಮತಿ ಸಿಕ್ಕಿತೇ, ಇಂಥವು. ಆದರೆ ಎರಡು ತಿಂಗಳ ಹಿಂದೆ ಅಕ್ಕಲಕೋಟೆಯ ಹಿರಿಯ ಸದಸ್ಯರೊಬ್ಬರು ರಾತ್ರಿ ಒಂಬತ್ತರ ಮೇಲೆ ಫೋನು ಮಾಡಿ ಕೇಳಿದ್ದು ಬೇರೆಯೇ. "ಸರ, ನಮ್ಮ ಹುಡುಗನ ಗಾಡ್ಯಾಗ ಸೀಟ್ ಬೆಲ್ಟ್ ತಾನ ಓಡ್ತದರಿ. ಈಗ ಅರ್ಧಾ ದಾರ್ಯಾಗ ನಿಂತದ. ನಿಮ್ಮ ಹೊಸೂರಾಗ ಮೋಟಾರ್ ಕೆಲಸದವ್ರು ಭಾಳ ಅದಾರಲ್ಲ, ಒಂದೀಟ ಕೇಳ್ರಿ."

ಬೆಲ್ಟು ಓಡುವುದೆಂದರೇನು ಎಂದು ನಮಗೆ ಮೊದಲು ಅರ್ಥವಾಗಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವರ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ. ಹಳೆಯ ಕಾರುಗಳ ಹುಚ್ಚು. ಜಪಾನಿನ ಕಂಪನಿಯೊಂದರ 1991ರ ಮಾದರಿಯ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಭಾನುವಾರಗಳಲ್ಲಿ ಅದರ ಕೆಳಗೆ ಮಲಗಿರುತ್ತಾನೆ. ಸೊಸೆಗೆ ಆಗ ಏಳು ತಿಂಗಳು. ಅವಳು ಕೂರುವ ಪಕ್ಕದ ಸೀಟಿನ ಬೆಲ್ಟೇ ಕೆಟ್ಟದ್ದು. ಭುಜದ ಬೆಲ್ಟು ಮುಖದ ಮುಂದೆ ಅಡ್ಡ ನಿಲ್ಲುತ್ತದೆಂದು ಅದನ್ನು ಕಂಕುಳ ಕೆಳಗೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೋಗಿಬರುತ್ತಿದ್ದಳಂತೆ. ಬಾಣಂತನಕ್ಕೆಂದು ಹೊರಟು ನಿಂತಿದ್ದ ಅತ್ತೆ, ವಿಡಿಯೋ ಕರೆಯಲ್ಲಿ ಇದನ್ನು ನೋಡಿ, ಆ ಗಾಡಿ ಸರಿಯಾಗುವತನಕ ಹತ್ತಬೇಡ ಎಂದು ಸೊಸೆಗೆ ಹೇಳಿಬಿಟ್ಟಿದ್ದರು. ಮನೆಯಲ್ಲಿ ಇದ್ದದ್ದು ಅದೊಂದೇ ಕಾರು.

ನಾವು ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದವರೇ ಹೊರತು ಸ್ಪ್ಯಾನರ್ ಹಿಡಿದವರಲ್ಲ. ಆದರೂ ಹೊಸೂರಿನಲ್ಲಿ ಬಹಳ ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರನ್ನು ಕೂರಿಸಿಕೊಂಡು, ಆ ಹುಡುಗನ ಜೊತೆ ಮೂರು ನಾಲ್ಕು ಸಲ ವಿಡಿಯೋದಲ್ಲಿ ಮಾತಾಡಿದೆವು. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಎಷ್ಟೋ ಸದಸ್ಯರ ಮಕ್ಕಳು ಆ ದೇಶದಲ್ಲಿದ್ದಾರೆ. ಇಲ್ಲಿ ಹಳೆಯ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಇದರಲ್ಲಿ ಕೆಲವು ಮಾತು ಅನ್ವಯಿಸುತ್ತವೆ.

ಮೊದಲು, ಇಂಥದ್ದೊಂದು ವಸ್ತು ಹುಟ್ಟಿದ್ದೇಕೆ ಎಂಬುದು. ಈಗ ನಾವೆಲ್ಲ ಹಾಕಿಕೊಳ್ಳುವ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ತುದಿಯ ಬೆಲ್ಟನ್ನು ರೂಪಿಸಿದವರು ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್. ಅದು 1959ರ ಮಾತು. ಕಂಪನಿ ಆ ಪೇಟೆಂಟನ್ನು ಬೇರೆ ತಯಾರಕರೂ ಬಳಸಿಕೊಳ್ಳಲಿ ಎಂದು ಮುಕ್ತವಾಗಿ ಬಿಟ್ಟಿತು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಲ್ಲಿ ಬೆಲ್ಟು ಕಡ್ಡಾಯವಾಯಿತು. ಕಾರಿನಲ್ಲಿ ಇರುವುದು ಕಡ್ಡಾಯ, ಹಾಕಿಕೊಳ್ಳುವುದು ಕಡ್ಡಾಯವಲ್ಲ! ಜನ ಹಾಕಿಕೊಳ್ಳಲಿಲ್ಲ. 1980ರ ದಶಕದ ಆರಂಭದಲ್ಲೂ ಅಲ್ಲಿ ಬೆಲ್ಟು ಹಾಕುತ್ತಿದ್ದವರು ನೂರಕ್ಕೆ ಸುಮಾರು 15 ಮಂದಿ ಮಾತ್ರ.

ನಡುವೆ ಒಂದು ತಮಾಷೆಯ ಪ್ರಯೋಗವೂ ನಡೆಯಿತು. 1974ರ ಮಾದರಿಯ ಕಾರುಗಳಲ್ಲಿ, ಮುಂದೆ ಕುಳಿತವರು ಬೆಲ್ಟು ಹಾಕದಿದ್ದರೆ ಎಂಜಿನ್ನೇ ಸ್ಟಾರ್ಟ್ ಆಗದ ಹಾಗೆ ಮಾಡಿದರು. ಸೀಟಿನ ಮೇಲೆ ತರಕಾರಿ ಚೀಲ ಇಟ್ಟರೂ ಕಾರು ಅದನ್ನು ಮನುಷ್ಯನೆಂದು ತಿಳಿದು ಹಟ ಹಿಡಿಯುತ್ತಿತ್ತು. ಜನ ರೇಗಿದರು, ವೈರು ಕತ್ತರಿಸಿದರು. ಅದೇ ವರ್ಷದ ಕೊನೆಯೊಳಗೆ ಅಲ್ಲಿನ ಸಂಸತ್ತು ಆ ವ್ಯವಸ್ಥೆಯನ್ನು ಕಡ್ಡಾಯ ಮಾಡದಂತೆ ಕಾನೂನು ತಂದಿತು. ನಮ್ಮಲ್ಲಿ ಬೆಲ್ಟಿನ ಎಚ್ಚರಿಕೆ ಶಬ್ದ ನಿಲ್ಲಿಸಲು ಬಕಲ್ಲಿಗೆ ಖಾಲಿ ಕ್ಲಿಪ್ಪು ಸಿಕ್ಕಿಸುವವರಿದ್ದಾರಲ್ಲ, ಅವರಿಗೆ ಅಲ್ಲಿ ಐವತ್ತು ವರ್ಷದ ಹಿಂದೆಯೇ ಅಣ್ಣತಮ್ಮಂದಿರು ಇದ್ದರು ಅನ್ನಬೇಕು. ಅಂಥ ಕ್ಲಿಪ್ಪುಗಳ ಆನ್‌ಲೈನ್ ಮಾರಾಟದ ವಿರುದ್ಧ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

1984ರಲ್ಲಿ ಅಮೆರಿಕದ ಸಾರಿಗೆ ಕಾರ್ಯದರ್ಶಿಯಾಗಿದ್ದ ಎಲಿಜಬೆತ್ ಡೋಲ್ ಹೊಸ ನಿಯಮ ತಂದರು. ಕುಳಿತವರು ಏನೂ ಮಾಡದಿದ್ದರೂ ಅವರನ್ನು ಕಾಪಾಡುವ ಒಂದು ಸಾಧನ ಮುಂದಿನ ಸೀಟುಗಳಿಗೆ ಇರಲೇಬೇಕು. ಗಾಳಿಚೀಲ, ಅಂದರೆ ಏರ್‌ಬ್ಯಾಗ್, ಆಗಬಹುದು. ತಾನೇ ಮೈಮೇಲೆ ಬರುವ ಬೆಲ್ಟೂ ಆಗಬಹುದು. 1987ರ ಮಾದರಿಗಳಲ್ಲಿ ನೂರಕ್ಕೆ 10, ಮುಂದಿನ ವರ್ಷ 25, ಆಮೇಲೆ 40, 1990ರ ಮಾದರಿಗಳಿಂದ ಎಲ್ಲ ಕಾರುಗಳಲ್ಲೂ. ದೇಶದ ಜನಸಂಖ್ಯೆಯ ಮೂರನೇ ಎರಡು ಭಾಗ ಇರುವಷ್ಟು ರಾಜ್ಯಗಳು ತಕ್ಕ ರೀತಿಯ ಬೆಲ್ಟು ಕಾನೂನು ಮಾಡಿದರೆ ಈ ನಿಯಮ ರದ್ದು ಎಂಬ ಷರತ್ತೂ ಇತ್ತು. ನ್ಯೂಯಾರ್ಕ್ ಮೊದಲಾಗಿ ಹಲವು ರಾಜ್ಯಗಳು ಕಾನೂನು ಮಾಡಿದವು, ಆದರೆ ಷರತ್ತು ಪೂರೈಸಲಿಲ್ಲ, ನಿಯಮ ಉಳಿಯಿತು. ಆಗ ಏರ್‌ಬ್ಯಾಗ್ ದುಬಾರಿ. ಬಹಳ ಕಂಪನಿಗಳು ಅಗ್ಗದ ದಾರಿ ಹಿಡಿದು ಬೆಲ್ಟಿಗೆ ಮೋಟಾರು ಕೂರಿಸಿದವು. ಟೊಯೋಟಾ ಕ್ರೆಸಿಡಾದಲ್ಲಿ ಇದು 1981ರಲ್ಲೇ ಬಂದಿತ್ತು. ಹೀಗಾಗಿ 1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಅಲ್ಲಿ ಮಾರಾಟವಾದ ಹಲವು ಕಾರುಗಳಲ್ಲಿ ಇದನ್ನು ಕಾಣಬಹುದು. 1991ರಲ್ಲಿ ಏರ್‌ಬ್ಯಾಗನ್ನೇ ಕಡ್ಡಾಯ ಮಾಡುವ ಕಾನೂನು ಬಂತು. 1998ರ ಮಾದರಿಯಿಂದ ಎಲ್ಲ ಹೊಸ ಕಾರುಗಳಿಗೂ ಅದು ಜಾರಿಯಾಯಿತು. ಓಡುವ ಬೆಲ್ಟು ಅದಕ್ಕಿಂತ ಮೊದಲೇ ಮರೆಯಾಗಿತ್ತು.

ಈಗ ಅದು ಕೆಲಸ ಮಾಡುವ ಬಗೆ. ಬಾಗಿಲಿನ ಮೇಲ್ಭಾಗದಲ್ಲಿ, ಚಾವಣಿಯ ಅಂಚಿನುದ್ದಕ್ಕೂ ಒಂದು ಹಳಿ ಇರುತ್ತದೆ. ಭುಜದ ಬೆಲ್ಟಿನ ಮೇಲಿನ ತುದಿ ಈ ಹಳಿಯಲ್ಲಿ ಜಾರುವ ಒಂದು ಸಣ್ಣ ತುಂಡಿಗೆ ಸಿಕ್ಕಿರುತ್ತದೆ. ಇನ್ನೊಂದು ತುದಿ ಎರಡು ಸೀಟುಗಳ ನಡುವಿನ ಸುರುಳಿ ಡಬ್ಬಿಯೊಳಗೆ. ಬಾಗಿಲು ತೆರೆದರೆ ಮೇಲಿನ ತುಂಡು ಮುಂದಿನ ಗಾಜಿನ ಕಡೆಗೆ ಓಡಿ ಬೆಲ್ಟು ದಾರಿ ಬಿಡುತ್ತದೆ. ನೀವು ಕುಳಿತು, ಬಾಗಿಲು ಹಾಕಿ, ಕೀ ತಿರುಗಿಸಿದಿರೋ, ಅದು ಗುಂಯ್ ಎಂದು ಹಿಂದಕ್ಕೆ ಓಡಿ ಭುಜದ ಹಿಂದಿನ ಕಂಬದ ಬಳಿ ಕೂರುತ್ತದೆ. ಓಡಿಸುವ ಮೋಟಾರು ಒಳಗಿನ ಹೊದಿಕೆಯ ಹಿಂದೆ ಅಡಗಿರುತ್ತದೆ. ಮೋಟಾರಿಗೂ ಆ ತುಂಡಿಗೂ ನಡುವೆ ಇರುವುದು ಹಲ್ಲುಗಳಿರುವ, ಬಾಗುವ ಒಂದು ಪ್ಲಾಸ್ಟಿಕ್ ಪಟ್ಟಿ. ಟೈಲರ್ ಬಳಿಯ ಅಳತೆ ಪಟ್ಟಿಗೆ ಹಲ್ಲು ಬಂದ ಹಾಗೆ ಎಂದುಕೊಳ್ಳಿ. ಹಳಿಯ ಎರಡು ತುದಿಗಳಲ್ಲೂ ತುಂಡು ತಲುಪಿತೆಂದು ತಿಳಿಸಿ ಮೋಟಾರು ನಿಲ್ಲಿಸುವ ಸ್ವಿಚ್ಚುಗಳಿವೆ. ಬಾಗಿಲಿಗೊಂದು ಸ್ವಿಚ್ಚು ಬೇರೆ. ಬೆಂಕಿ, ಅಪಘಾತದ ಸಮಯದಲ್ಲಿ ಕೈಯಿಂದ ಬಿಡಿಸಿಕೊಳ್ಳಲು ಬೆಲ್ಟಿನ ಮೇಲಿನ ತುದಿಯಲ್ಲಿ ಒಂದು ಬಕಲ್ಲು ಇರುತ್ತದೆ.

ಸೊಂಟದ ಬೆಲ್ಟಿಗೆ ಮೋಟಾರಿಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು. ಭುಜದ ಬೆಲ್ಟು ತಾನೇ ಬಂತಲ್ಲ ಎಂದು ಜನ ಅದನ್ನು ಮರೆತರು. ಸೊಂಟ ಹಿಡಿಯದೆ ಭುಜ ಮಾತ್ರ ಹಿಡಿದರೆ, ಡಿಕ್ಕಿಯಾದಾಗ ಮೈ ಬೆಲ್ಟಿನ ಕೆಳಗೆ ನುಸುಳುತ್ತದೆ, ಬೆಲ್ಟು ಕೊರಳಿಗೆ ಬರುತ್ತದೆ. ಸೊಸೆ ಮಾಡುತ್ತಿದ್ದ ಹಾಗೆ ಕಂಕುಳ ಕೆಳಗೆ ಸಿಕ್ಕಿಸಿಕೊಂಡರೆ ಡಿಕ್ಕಿಯ ಒತ್ತಡವೆಲ್ಲ ಪಕ್ಕೆಲುಬಿನ ಮೇಲೆ, ಅದರೊಳಗಿನ ಅಂಗಗಳ ಮೇಲೆ. ಗರ್ಭಿಣಿಯರಿಗೆ ವೈದ್ಯರು ಹೇಳುವ ಕ್ರಮ ಇದು: ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ಇಕ್ಕೆಲದ ಸೊಂಟದ ಮೂಳೆಗೆ ತಗುಲುವಂತೆ, ಭುಜದ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ. ಎರಡೂ ಬೇಕು. ಇದನ್ನು ಸೊಸೆಗೆ ಮೊದಲ ದಿನವೇ ತಿಳಿಸಿದೆವು, ರಿಪೇರಿ ಮಾತು ಆಮೇಲೆ.

ಕೆಟ್ಟದ್ದು ಏನೆಂದು ಹುಡುಕುವ ದಾರಿಯನ್ನು ನಮ್ಮ ಗ್ಯಾರೇಜಿನ ಸದಸ್ಯರು ಚೆನ್ನಾಗಿ ಹೇಳಿದರು. ಅವರು ಈ ಬೆಲ್ಟನ್ನು ಕಣ್ಣಾರೆ ಕಂಡವರೇ ಅಲ್ಲ. "ಸಾರ್, ಪವರ್ ವಿಂಡೋ ಬಿಚ್ಚಿದೋನಿಗೆ ಇದೇನು ದೊಡ್ಡದಲ್ಲ. ಮೊದ್ಲು ಕಿವಿ ಕೊಡಕ್ಕೆ ಹೇಳಿ ಆ ಹುಡುಗನಿಗೆ" ಅಂದರು. ಮೋಟಾರಿನ ಸದ್ದೇ ಇಲ್ಲವೆಂದರೆ ಫ್ಯೂಸು, ಆಮೇಲೆ ಬಾಗಿಲಿನ ಸ್ವಿಚ್ಚು, ಆಮೇಲೆ ವೈರು, ಕೊನೆಗೆ ಮೋಟಾರು. ಸದ್ದು ಬರುತ್ತದೆ, ಬೆಲ್ಟು ಕದಲುವುದಿಲ್ಲವೆಂದರೆ ಪಟ್ಟಿಯ ಹಲ್ಲು ಸವೆದಿದೆ ಇಲ್ಲವೇ ಪಟ್ಟಿ ತುಂಡಾಗಿದೆ. ಓಡುತ್ತಾ ಓಡುತ್ತಾ ಮುಕ್ಕರಿದು ನಿಂತರೆ ಹಳಿಯಲ್ಲಿ ಕಸ, ಗಟ್ಟಿಯಾದ ಹಳೆ ಗ್ರೀಸು. ತುದಿ ತಲುಪಿದ ಮೇಲೂ ಮೋಟಾರು ಕಿರುಗುಟ್ಟುತ್ತಿದ್ದರೆ ತುದಿಯ ಸ್ವಿಚ್ಚು. ಅಗ್ಗದ ಕಾರಣವನ್ನು ಮೊದಲು ನೋಡಬೇಕು, ಮೋಟಾರು ಬಿಚ್ಚುವುದು ಕೊನೆಗೆ. ಹುಡುಗ ಮೋಟಾರಿನಿಂದಲೇ ಶುರು ಮಾಡಿದ್ದ, ವಯಸ್ಸು ನೋಡಿ.

ಕಿವಿ ಕೊಟ್ಟಾಗ ಟಕ ಟಕ ಎಂಬ ಸದ್ದು ಬಂತಂತೆ. ಹೊದಿಕೆ ಬಿಚ್ಚಿ ನೋಡಿದರೆ ಪಟ್ಟಿಯ ಒಂದು ಗೇಣು ಉದ್ದಕ್ಕೆ ಹಲ್ಲೇ ಇಲ್ಲ. ಚಳಿಗಾಲದಲ್ಲಿ ಹಳಿಯ ಗ್ರೀಸು ಹೆಪ್ಪುಗಟ್ಟಿ ತುಂಡು ಬಿಗಿಯಾಗಿದೆ, ಮೋಟಾರು ತಳ್ಳುತ್ತಲೇ ಇದ್ದು ಪ್ಲಾಸ್ಟಿಕ್ ಹಲ್ಲು ಸವೆದಿವೆ.

ಅರ್ಧ ದಾರಿಯಲ್ಲಿ ನಿಂತ ಬೆಲ್ಟನ್ನು ಹಾಗೇ ಹಾಕಿಕೊಂಡು ಓಡಾಡುವುದು ಬೆಲ್ಟು ಇಲ್ಲದಿರುವುದಕ್ಕಿಂತ ಹೆಚ್ಚು ಮೇಲಲ್ಲ. ಹಳಿಯ ಹಿಂದಿನ ತುದಿಗೆ ಪೂರ್ತಿ ತಲುಪಿದಾಗ ಮಾತ್ರ ಆ ತುಂಡು ಕಂಬದ ಬಲವಾದ ಜಾಗದಲ್ಲಿ ಭದ್ರವಾಗಿ ಕೂರುತ್ತದೆ. ನಡುವೆ ಇದ್ದಾಗ ಮನುಷ್ಯನ ಭಾರ ತಡೆಯಲು ಅದನ್ನು ಮಾಡಿಯೇ ಇಲ್ಲ. ಆದ್ದರಿಂದ ಅಲ್ಲಿ ಹಲವರು ಮಾಡುವ ತಾತ್ಕಾಲಿಕ ಉಪಾಯವೆಂದರೆ, ತುಂಡನ್ನು ಹೇಗಾದರೂ ಹಿಂದಿನ ತುದಿಗೆ ಮುಟ್ಟಿಸಿ, ಅದು ಕೂತಿದೆಯೆಂದು ಖಾತ್ರಿ ಮಾಡಿಕೊಂಡು, ಮೋಟಾರಿನ ವೈರು ಬಿಡಿಸಿ, ಮೇಲಿನ ಬಕಲ್ಲನ್ನೇ ದಿನವೂ ಕೈಯಿಂದ ಹಾಕಿ ತೆಗೆಯುವುದು. ಕೆಲವು ದಿನಕ್ಕೆ ನಡೆಯುತ್ತದೆ. ವರ್ಷಗಟ್ಟಲೆ ಹಾಗೇ ಓಡಿಸುವವರೂ ಇದ್ದಾರಂತೆ. ನಮಗದು ಸರಿ ಕಾಣಲಿಲ್ಲ.

ಪೂರ್ತಿ ಪರಿಹಾರಕ್ಕೆ ಎರಡು ದಾರಿ. ಒಂದು, ಅದೇ ಮಾದರಿಯ ಹಳೆ ಕಾರಿನಿಂದ ಹಳಿ, ಪಟ್ಟಿ, ಮೋಟಾರು ತೆಗೆದು ಹಾಕುವುದು. ಮೂವತ್ತು ವರ್ಷ ದಾಟಿದ ಕಾರಿಗೆ ಹೊಸ ಬಿಡಿಭಾಗ ಸಿಗುವುದು ದುರ್ಲಭ, ಗುಜರಿಯೇ ಗತಿ. ಗುಜರಿಯಿಂದ ತರುವಾಗ ಬೆಲ್ಟಿನ ಬಟ್ಟೆಯನ್ನು ಪೂರ್ತಿ ಎಳೆದು ನೋಡಬೇಕು. ಅಂಚಿನಲ್ಲಿ ಎಳೆ ಬಿಟ್ಟಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಗಡುಸಾಗಿದ್ದರೆ ಬೇಡ. ಅಪಘಾತವಾದ ಕಾರಿನ ಬೆಲ್ಟಂತೂ ಮುಟ್ಟಲೇಬಾರದು. ಒಮ್ಮೆ ಮನುಷ್ಯನ ಭಾರ ತಡೆದ ಬೆಲ್ಟಿನ ಎಳೆಗಳು ಹಿಗ್ಗಿರುತ್ತವೆ, ಇನ್ನೊಮ್ಮೆ ತಡೆಯುತ್ತವೆಂಬ ಭರವಸೆಯಿಲ್ಲ.

ಇನ್ನೊಂದು ದಾರಿ, ಓಡುವ ಬೆಲ್ಟನ್ನೇ ತೆಗೆದು ಮಾಮೂಲಿ ಮೂರು ತುದಿಯ ಬೆಲ್ಟು ಹಾಕುವುದು. ಪಕ್ಕದ ಕೆನಡಾದಲ್ಲಿ ಈ ನಿಯಮ ಇರಲಿಲ್ಲವಾದ್ದರಿಂದ, ಅಲ್ಲಿ ಮಾರಿದ ಅದೇ ಕಾರುಗಳಲ್ಲಿ ಸಾಮಾನ್ಯವಾಗಿ ಕೈಯಿಂದ ಹಾಕುವ ಬೆಲ್ಟೇ ಇರುತ್ತಿತ್ತು. ಆ ಭಾಗಗಳು ಸಿಕ್ಕರೆ ಕೆಲಸ ಸಲೀಸು. ಆದರೆ ನೋಡಬೇಕಾದ್ದು ಬೆಲ್ಟನ್ನಲ್ಲ, ಬೋಲ್ಟು ಕೂರುವ ಜಾಗವನ್ನು. ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಭುಜದ ಎತ್ತರಕ್ಕೆ, ದಪ್ಪ ತಗಡು ಬೆಸೆದು ಮರೆ ಕೊರೆದ ತೂತು ಕಂಪನಿಯಿಂದಲೇ ಬಂದಿರಬೇಕು. ಕೆಲವು ಕಾರುಗಳಲ್ಲಿ ಹೊದಿಕೆಯ ಹಿಂದೆ ಆ ತೂತು ಮುಚ್ಚಿ ಕೂತಿರುತ್ತದೆ, ಕೆಲವಲ್ಲಿ ಇರುವುದೇ ಇಲ್ಲ. ಇಲ್ಲದಿದ್ದರೆ ಅಲ್ಲಿಗೆ ಕೈಬಿಡಬೇಕು. ತೆಳು ತಗಡಿಗೆ ಡ್ರಿಲ್ ಹಾಕಿ ಬೋಲ್ಟು ಕೂರಿಸಿದರೆ ಡಿಕ್ಕಿಯಲ್ಲಿ ಬೋಲ್ಟು ತಗಡು ಹರಿದುಕೊಂಡು ಬರುತ್ತದೆ. ಸೀಟ್ ಬೆಲ್ಟಿನ ಬೋಲ್ಟಿಗೆ ಬಹಳ ಕಡೆ ಬಳಕೆಯಲ್ಲಿರುವ ಅಳತೆ 7/16 ಇಂಚು, ಇಂಚಿಗೆ 20 ಮರೆ. ಅದು ಗಟ್ಟಿ ಉಕ್ಕಿನದು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಅದರ ಜಾಗಕ್ಕೆ ಸಲ್ಲದು. ಸುರುಳಿ ಡಬ್ಬಿಯನ್ನು ಓರೆ ಮಾಡಿ ಕೂರಿಸುವಂತೆಯೂ ಇಲ್ಲ. ಗಾಡಿಗೆ ಗಕ್ಕನೆ ಬ್ರೇಕ್ ಬಿದ್ದಾಗ ಅದರೊಳಗಿನ ಸಣ್ಣ ತೂಕ ವಾಲಿ ಬೆಲ್ಟನ್ನು ಹಿಡಿಯುತ್ತದೆ. ಡಬ್ಬಿಯೇ ವಾಲಿದ್ದರೆ ಬೆಲ್ಟು ಬಿಚ್ಚಿಕೊಳ್ಳುವುದೇ ಇಲ್ಲ, ಇಲ್ಲವೇ ಬೇಕಾದಾಗ ಹಿಡಿಯುವುದಿಲ್ಲ.

ಹುಡುಗ ಈ ಎರಡನೆಯ ದಾರಿಗೆ ಮನಸ್ಸು ಮಾಡಿ ಒಂದು ವರ್ಕ್‌ಶಾಪಿಗೆ ಹೋದರೆ ಅವರು ಆಗದೆಂದರು. ಕಾರಣ ಕಾನೂನು. ಕಾರಿನಲ್ಲಿ ನಿಯಮದ ಪ್ರಕಾರ ಬಂದ ಸುರಕ್ಷತಾ ಸಾಧನವನ್ನು ನಿಷ್ಕ್ರಿಯ ಮಾಡಬಾರದೆಂದು ಅಲ್ಲಿನ ಕೇಂದ್ರ ಕಾನೂನು ತಯಾರಕರು, ಮಾರಾಟಗಾರರು, ರಿಪೇರಿ ಅಂಗಡಿಗಳಿಗೆ ನಿಷೇಧ ಹಾಕಿದೆ. ಮಾಲೀಕ ತನ್ನ ಕಾರಿಗೆ ತಾನೇ ಮಾಡಿಕೊಂಡರೆ ಆ ನಿಷೇಧ ತಗುಲುವುದಿಲ್ಲ. ಆದರೆ ರಾಜ್ಯದ ನಿಯಮ, ವಿಮೆಯ ಕರಾರು ಬೇರೆ ಇರುತ್ತವೆ. ಹೊಟ್ಟೆಯಲ್ಲಿ ಮಗುವಿರುವ ಹೆಂಡತಿಯನ್ನು ಕೂರಿಸಿಕೊಳ್ಳುವ ಸೀಟಿನಲ್ಲಿ ಪ್ರಯೋಗ ಬೇಡ, ಮೊದಲಿದ್ದದ್ದನ್ನೇ ಸರಿಮಾಡು ಎಂದು ನಾವೂ ಗ್ಯಾರೇಜಿನವರೂ ಒಂದೇ ಬಾಯಲ್ಲಿ ಹೇಳಿದೆವು.

ಗುಜರಿಯಲ್ಲಿ ಅದೇ ಮಾದರಿಯ ಕಾರು ಸಿಕ್ಕಿತು. ಮೊದಲ ಭಾನುವಾರ ಬಿಚ್ಚಿ ತಂದದ್ದು ಚಾಲಕನ ಕಡೆಯದು! ಎಡದ್ದು ಬಲಕ್ಕೆ ಹೊಂದುವುದಿಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ತಿರುವು ಉಲ್ಟಾ. ಎರಡನೆಯ ಭಾನುವಾರ ಸರಿಯಾದದ್ದು ಬಂತು. ಹಳಿಯ ಹಳೆ ಗ್ರೀಸನ್ನೆಲ್ಲ ಒರೆಸಿ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿದ. ಬಾಗಿಲು ಇಪ್ಪತ್ತು ಸಲ ತೆಗೆದು ಹಾಕಿ ನೋಡಿದ ವಿಡಿಯೋ ಕಳಿಸಿದ್ದಾನೆ. ಅಕ್ಕಲಕೋಟೆಯ ಅತ್ತೆಯವರು ಈಗ ಅಲ್ಲಿದ್ದಾರೆ. ಬೆಲ್ಟು ಮುಖದ ಮುಂದೆ ಸರಿದಾಗಲೆಲ್ಲ ಬೆಚ್ಚುತ್ತಾರಂತೆ.

ಇನ್ನು ನಮ್ಮ ಕಡೆಯ ಮಾತು. ನಮ್ಮಲ್ಲಿ ಮುಂದಿನ ಸೀಟಿನ ಬೆಲ್ಟು ಕಾರಿನ ತಯಾರಕರಿಗೆ ಕಡ್ಡಾಯವಾದದ್ದು 1994ರಲ್ಲಿ. ಅದಕ್ಕಿಂತ ಹಳೆಯ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡ ಸದಸ್ಯರು ಹೊಸದಾಗಿ ಬೆಲ್ಟು ಹಾಕಿಸುವಾಗ ಮೇಲೆ ಹೇಳಿದ ಬೋಲ್ಟಿನ ಮಾತು, ಡಬ್ಬಿಯ ಮಾತು ಅಕ್ಷರಶಃ ಅನ್ವಯ. ನೆಲದ ತಗಡು ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಕೆಳಗಿನಿಂದ ದಪ್ಪ ಉಕ್ಕಿನ ಪಟ್ಟಿ ಕೊಡದೆ ಬರೀ ವಾಷರ್ ಹಾಕಿ ಬಿಗಿಯುವ ಗ್ಯಾರೇಜಿಗೆ ಹೋಗಬೇಡಿ. ಹೊಸ ಕಾರಿನವರು ಒಮ್ಮೆ ಹಿಂದಿನ ಸೀಟನ್ನು ತಡವಿ ನೋಡಿ. ಸೀಟ್ ಕವರ್ ಹಾಕಿಸಿದಾಗ ಬಕಲ್ಲುಗಳು ಅದರಡಿ ಹೂತುಹೋಗಿರುತ್ತವೆ. ಕಳೆದ ವರ್ಷ ಸೊಲ್ಲಾಪುರದ ಸಭೆಗೆ ನಾವು ಹೋದ ಬಾಡಿಗೆ ಕಾರಿನಲ್ಲಿ ಚಾಲಕ ಬ್ಲೇಡು ತೆಗೆದು ಕವರ್ ಕೊಯ್ದ ಮೇಲೇ ಅವು ಹೊರಬಂದವು. ಹಿಂದೆ ಕುಳಿತವರೂ ಬೆಲ್ಟು ಹಾಕಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಹಾಕದಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ 1000 ರೂಪಾಯಿ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ತೀರಿಕೊಂಡಾಗ ಕುಳಿತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕಿರಲಿಲ್ಲ.

ಬೆಲ್ಟು ಹಿಡಿಯುತ್ತದೋ ಇಲ್ಲವೋ ಮನೆಯಲ್ಲೇ ನೋಡಬಹುದು. ಗಾಡಿ ನಿಂತಿರುವಾಗ ಬೆಲ್ಟನ್ನು ಗಕ್ಕನೆ ಜಗ್ಗಿ, ಸಿಕ್ಕಿಕೊಳ್ಳಬೇಕು. ಬಿಟ್ಟರೆ ತಾನೇ ಪೂರ್ತಿ ಒಳಗೆ ಹೋಗಬೇಕು. ಬಕಲ್ಲು ಹಾಕಿ ಬಲವಾಗಿ ಎಳೆದರೆ ಬಿಡಬಾರದು, ಗುಂಡಿ ಒತ್ತಿದರೆ ತಡೆಯಬಾರದು. ಬಟ್ಟೆ ಕೊಳೆಯಾಗಿದ್ದರೆ ಬೆಚ್ಚನೆಯ ಸೋಪು ನೀರು ಸಾಕು. ಬ್ಲೀಚಿಂಗ್, ಬಣ್ಣ ಎರಡೂ ಕೂಡದು, ಎಳೆಗಳು ಸೊರಗುತ್ತವೆ.

ಈ ಸಲ ರಾಜ್ಯೋತ್ಸವದ ಮೆರವಣಿಗೆಗೆ ಹಳೆಯ ಕಾರು ತರುವ ಸದಸ್ಯರು ಹಿಂದಿನ ದಿನ ಸಂಜೆ ಹೊಸೂರಿಗೆ ಬಂದರೆ, ನಮ್ಮ ಗ್ಯಾರೇಜಿನ ಸದಸ್ಯರು ಬೆಲ್ಟು, ಬೋಲ್ಟು ಎರಡನ್ನೂ ಕೂಲಿಯಿಲ್ಲದೆ ನೋಡಿಕೊಡಲು ಒಪ್ಪಿದ್ದಾರೆ. ಬಿಡಿಭಾಗ ಬೇಕಾದರೆ ಅದರ ಹಣ ಮಾತ್ರ ಕಾರಿನವರದು. ಬರುವವರು ಕಾರಿನ ಮಾದರಿ, ವರ್ಷ ಬರೆದು ಸಂಘದ ಕಚೇರಿಗೆ ಮೊದಲೇ ತಿಳಿಸಿದರೆ ಬೋಲ್ಟುಗಳನ್ನು ತರಿಸಿಡಲು ಅನುಕೂಲ.